ಪ್ರಥಮ ಬಿ.ಎ. ತರಗತಿಯ ಅರ್ಜಿ

ಪ್ರತಿವರ್ಷವೂ ದ್ವಿತೀಯ ಪಿ.ಯು.ಸಿ. ಫಲಿತಾಂಶ ಬಂದು, ಪದವಿ ತರಗತಿಗಳ ಪ್ರವೇಶ ಆರಂಭವಾಯಿತೆಂಬ ಸುದ್ದಿ ಪತ್ರಿಕೆಗಳಲ್ಲಿ ಕಾಣಿಸಿಕೊಂಡೊಡನೆ, ನಮ್ಮ ಕಾಲೇಜಿನ ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಒಂದು ಸಣ್ಣ ಜಾತ್ರೆಯೇ ಸೇರುತ್ತದೆ. ಹುಡುಗರು, ಹುಡುಗಿಯರು, ಅವರ ತಾಯಂದಿರು, ಟವಲು ಹೆಗಲಿಗೆ ಹಾಕಿದ ತಂದೆಗಳು, ಯಾರಿಗೂ ಸಂಬಂಧವಿಲ್ಲದೆ ಸಲಹೆ ಕೊಡುವ ಒಬ್ಬಿಬ್ಬರು ಊರ ಹಿರಿಯರು. ಎಲ್ಲರ ಕೈಯಲ್ಲಿಯೂ ಒಂದೊಂದು ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಕಾಗದಗಳು. ೨೦೨೪ರಲ್ಲಿ ನಾನೂ ಅಲ್ಲಿ ಅಂಥದೊಂದು ಚೀಲ ಹಿಡಿದು ನಿಂತಿದ್ದೆ. ಆಮೇಲಿನ ಎರಡು ವರ್ಷಗಳಲ್ಲಿ, ಗುರುಗಳ ಅಪ್ಪಣೆಯಂತೆ, ಅದೇ ಮರದ ಕೆಳಗೆ ಮೇಜೊಂದನ್ನು ಹಾಕಿಕೊಂಡು, ಬಂದವರ ಚೀಲಗಳನ್ನು ಬಿಚ್ಚಿ ನೋಡಿ, ಇದಿದೆ, ಇದಿಲ್ಲ ಎಂದು ಹೇಳುವ ಕೆಲಸ ಮಾಡಿದ್ದೇನೆ.

ಈ ಸಂಚಿಕೆಯ ವಾಚಕರೆಲ್ಲ ಈಗಾಗಲೇ ಕಾಲೇಜು ಸೇರಿದವರು. ಹೊಳೆ ದಾಟಿದವರಿಗೆ ದೋಣಿಯ ವಿಚಾರ ಏತಕ್ಕೆಂದು ಕೇಳಬಹುದು. ಆದರೆ ನಮ್ಮಲ್ಲಿ ಬಹುಮಂದಿಗೆ ಆಚೆಯ ದಡದಲ್ಲಿ ತಮ್ಮನೋ ತಂಗಿಯೋ ನೆರೆಮನೆಯ ಹುಡುಗನೋ ಇನ್ನೂ ನಿಂತಿದ್ದಾರೆ. ಅವರ ಮನೆಯಲ್ಲಿ ಈ ವಿಷಯ ತಿಳಿದವರು ಯಾರೂ ಇಲ್ಲ, ತಿಳಿದವರೆಂದರೆ ನಾವೇ. ಆದುದರಿಂದ ಈ ಲೇಖನವನ್ನು ಓದಿ ಮುಗಿಸಿ ಬದಿಗಿಡದೆ ಮನೆಗೆ ಒಯ್ಯಬೇಕೆಂದು ಮೊದಲೇ ಕೇಳಿಕೊಳ್ಳುತ್ತೇನೆ.

ನಮ್ಮ ಭಾಗದಲ್ಲಿ ಕಾಲೇಜು ಸೇರುವುದೆಂಬುದು ಎಂದಿಗೂ ಹತ್ತಿರದ ಮಾತಾಗಿರಲಿಲ್ಲ. ಕೊಪ್ಪಳ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಇಲ್ಲಿಯವರಿಗೆ ವಿಶ್ವವಿದ್ಯಾಲಯವೆಂದರೆ ೧೯೧೮ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ. ಅದೂ ದೂರದ ಹೈದರಾಬಾದಿನಲ್ಲಿ, ಉರ್ದು ಮಾಧ್ಯಮದಲ್ಲಿ. ೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ನಾವು ಕನ್ನಡ ನಾಡಿಗೆ ಸೇರಿದ ಮೇಲೆ ಮುಖ ಧಾರವಾಡದ ಕಡೆಗೆ ತಿರುಗಿತು. ಗುಲ್ಬರ್ಗಾ ವಿಶ್ವವಿದ್ಯಾಲಯ ಬಂದುದು ೧೯೮೦ರಲ್ಲಿ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ೨೦೧೦ರಲ್ಲಿ. ಈಗ ರಾಜ್ಯದಲ್ಲಿ ನಾಲ್ಕುನೂರಕ್ಕೂ ಹೆಚ್ಚು ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ನಮ್ಮೂರಿಂದ ತಾಲೂಕಿಗೆ ಬೆಳಿಗ್ಗೆ ಒಂದು ಬಸ್ಸಿದೆ. ೨೦೨೩ರ ಜೂನಿನಿಂದ ಹೆಣ್ಣುಮಕ್ಕಳಿಗೆ ಅದರಲ್ಲಿ ಟಿಕೆಟ್ಟಿನ ದುಡ್ಡೂ ಇಲ್ಲ. ನಮ್ಮಜ್ಜನ ಕಾಲಕ್ಕೆ ಹೈದರಾಬಾದಿನಷ್ಟು ದೂರವಿದ್ದ ಕಾಲೇಜು ಈಗ ಹದಿನಾರು ಕಿಲೋಮೀಟರಿಗೆ ಬಂದು ನಿಂತಿದೆ. ಉಳಿದ ದೂರವೆಲ್ಲ ಅರ್ಜಿಯಲ್ಲಿದೆ.

ಹಿಂದೆ ಅರ್ಜಿ ಎಂದರೆ ಕಚೇರಿಯ ಕಿಟಕಿಯಲ್ಲಿ ಹಣ ಕೊಟ್ಟು ಪಡೆಯುವ ಮುದ್ರಿತ ಕಾಗದ. ತಪ್ಪು ಬರೆದರೆ ಗುಮಾಸ್ತರು ಗದರುವರು, ಆದರೆ ಅಲ್ಲಿಯೇ ತಿದ್ದಿಸುವರು. ೨೦೨೧ರಿಂದ ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶವೆಲ್ಲ ಒಂದೇ ಗಣಕ ವ್ಯವಸ್ಥೆಯಲ್ಲಿ ನಡೆಯುತ್ತಿದೆ. ಅದಕ್ಕೆ ಯು.ಯು.ಸಿ.ಎಂ.ಎಸ್. ಎಂದು ಹೆಸರು. ವಿದ್ಯಾರ್ಥಿಯು ಮೊದಲು ಅದರಲ್ಲಿ ತನ್ನ ಹೆಸರು, ಮೊಬೈಲು, ಆಧಾರ್ ಇತ್ಯಾದಿಗಳನ್ನು ಕೊಟ್ಟು ನೋಂದಾಯಿಸಿಕೊಳ್ಳಬೇಕು. ಮೊಬೈಲಿಗೆ ಬರುವ ಒಟಿಪಿಯನ್ನು ಕೆಲವು ನಿಮಿಷಗಳೊಳಗೆ ತುಂಬಬೇಕು. ಆಮೇಲೆ ಅಂಕಪಟ್ಟಿ, ಜಾತಿ, ಆದಾಯಗಳ ವಿವರ ತುಂಬಿ, ಕಾಲೇಜನ್ನೂ ವಿಷಯಗಳನ್ನೂ ಆರಿಸಿ ಸಲ್ಲಿಸಬೇಕು. ಕೊನೆಗೆ ಮೂಲ ದಾಖಲೆಗಳೊಂದಿಗೆ ಕಾಲೇಜಿಗೆ ಬಂದರೆ ಅಧ್ಯಾಪಕರು ಪರಿಶೀಲಿಸುತ್ತಾರೆ, ಶುಲ್ಕ ಕಟ್ಟಿದ ಮೇಲೆ ಪ್ರವೇಶ ಖಾಯಂ. ಹೇಳುವುದಕ್ಕೆ ನಾಲ್ಕು ವಾಕ್ಯ. ಈ ನಾಲ್ಕು ವಾಕ್ಯಗಳ ನಡುವೆ ಒಬ್ಬ ಮನುಷ್ಯ ಹೇಗೆ ಕಳೆದುಹೋಗಬಹುದೆಂಬುದನ್ನು ನಾನು ನಮ್ಮ ಮನೆಯಲ್ಲಿಯೇ ನೋಡಿದ್ದೇನೆ.

ನನ್ನ ಅಣ್ಣ ನನಗಿಂತ ಮೂರು ವರ್ಷ ದೊಡ್ಡವನು. ಅವನು ದ್ವಿತೀಯ ಪಿ.ಯು.ಸಿ. ಮುಗಿಸಿದ್ದು ೨೦೨೧ರಲ್ಲಿ. ಕೊರೋನಾ ಕಾರಣದಿಂದ ಆ ವರ್ಷ ಪರೀಕ್ಷೆಯನ್ನೇ ರದ್ದುಗೊಳಿಸಿ ಸರಕಾರ ಎಲ್ಲರನ್ನೂ ಉತ್ತೀರ್ಣಗೊಳಿಸಿತೆಂಬುದು ನಿಮಗೆ ನೆನಪಿರಬಹುದು. ಪರೀಕ್ಷೆಯಿಲ್ಲದೆ ಪಾಸಾದ ನನ್ನ ಅಣ್ಣ ಅರ್ಜಿಯಲ್ಲಿ ನಪಾಸಾದ. ಅವನು ಬುದ್ಧಿಯಲ್ಲಿ ನನಗಿಂತ ಮೇಲೆ. ನನಗೆ ಗಣಿತ ಹೇಳಿಕೊಟ್ಟವನೇ ಅವನು.

ನಡೆದದ್ದಿಷ್ಟು. ಆಗ ನಮ್ಮ ಮನೆಗೆಲ್ಲ ಇದ್ದದ್ದು ಒಂದೇ ಫೋನು. ನಾನು ಹತ್ತನೆಯ ತರಗತಿ, ಪಾಠಗಳೆಲ್ಲ ಫೋನಿನಲ್ಲಿಯೇ. ಊರಲ್ಲಿ ಸಿಗ್ನಲ್ಲು ಸಿಗುವುದು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಮಾತ್ರ. ಒಂದು ದಿನ ಅಣ್ಣ ಬೆಳಗಿನ ಬಸ್ಸಿಗೆ ತಾಲೂಕಿಗೆ ಹೋಗಿ ಜೆರಾಕ್ಸ್ ಅಂಗಡಿಯ ಗಣಕದ ಮುಂದೆ ಕುಳಿತು ನೋಂದಣಿ ಮಾಡಿಸತೊಡಗಿದ. ಕೊಟ್ಟದ್ದು ಮನೆಯ ಫೋನಿನ ನಂಬರು. ಒಟಿಪಿ ಬಂತು. ಬಂದದ್ದು ಅವನಿಗಲ್ಲ, ಹದಿನಾರು ಕಿಲೋಮೀಟರು ಆಚೆ ಗುಡಿಕಟ್ಟೆಯ ಮೇಲೆ ಕುಳಿತಿದ್ದ ನನಗೆ. ಪಾಠದ ನಡುವೆ ಇಂಗ್ಲಿಷಿನಲ್ಲಿ ಏನೋ ಸಂಖ್ಯೆ ಬಂತು. ಲಾಟರಿಯೋ ಜಾಹೀರಾತೋ ಇರಬೇಕೆಂದು ಅಳಿಸಿಹಾಕಿದೆ. ಮತ್ತೆ ಬಂತು, ಮತ್ತೆ ಅಳಿಸಿದೆ. ಅಂಗಡಿಯವರ ಫೋನಿನಿಂದ ಅಣ್ಣ ಕರೆ ಮಾಡಿದನಂತೆ. ಹೊಸ ನಂಬರೆಂದು ನಾನು ಎತ್ತಲಿಲ್ಲ. ಸಂಜೆಯ ಬಸ್ಸಿಗೆ ಬಂದವನು ನನ್ನನ್ನು ಬಯ್ಯಲೂ ಇಲ್ಲ. "ನಾಳೆ ಫೋನ ನಾ ಒಯ್ತೀನಿ, ನಿನ್ನ ಪಾಠ ಒಂದ ದಿನ ತಪ್ಪತೈತಿ ನೋಡು," ಎಂದ.

ಎರಡನೆಯ ಸಲ ಒಟಿಪಿ ಸಿಕ್ಕಿತು, ಹೆಸರು ಕೂಡಲಿಲ್ಲ. ನಮ್ಮ ಕಡೆ 'ರಾಜ' ಎಂದು ಮುಗಿಯುವ ಹೆಸರುಗಳು ಬಹಳ. ಕನ್ನಡದಲ್ಲಿ ಬರೆದರೆ ಅದು ಒಂದೇ ಹೆಸರು. ಇಂಗ್ಲಿಷಿನಲ್ಲಿ ಒಬ್ಬರು ಕೊನೆಗೆ ಎ ಅಕ್ಷರ ಹಾಕುತ್ತಾರೆ, ಮತ್ತೊಬ್ಬರು ಹಾಕುವುದಿಲ್ಲ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಅಣ್ಣನಿಗೆ ಎ ಇರಲಿಲ್ಲ, ಆಧಾರಿನಲ್ಲಿತ್ತು. ಆಧಾರ್ ತಿದ್ದುವ ಕೇಂದ್ರಕ್ಕೆ ಹೋದರೆ ಪಾಳಿ ವಾರದ ಆಚೆಗೆ ಸಿಕ್ಕಿತು. ಆ ವಾರದಲ್ಲಿ ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಜನ ಕರೆದೊಯ್ಯುವ ಮೇಸ್ತ್ರಿ ಊರಿಗೆ ಬಂದ. ಲಾಕ್‌ಡೌನಿನಲ್ಲಿ ಮಾಡಿದ ಸಾಲ ಮನೆಯಲ್ಲಿ ಕುಳಿತಿತ್ತು. ಅಣ್ಣ ಹೊರಟುಹೋದ. ಅರ್ಜಿಯ ಕೊನೆಯ ದಿನಾಂಕವನ್ನು ಆಮೇಲೆ ಮುಂದೂಡಿದರೆಂದು ನಮಗೆ ತಿಳಿದದ್ದು ಬಹಳ ದಿನಗಳ ಮೇಲೆ, ಅದೂ ಬೇರೆಯವರ ಬಾಯಿಂದ.

ಇಷ್ಟನ್ನು ಹೇಳಿದ್ದು ಕರುಣೆ ಗಳಿಸುವುದಕ್ಕಲ್ಲ. ಮರದ ಕೆಳಗಿನ ಮೇಜಿನ ಬಳಿ ಕುಳಿತು ನೋಡಿದರೆ, ಹಿಂದಿರುಗಿ ಹೋಗುವವರಲ್ಲಿ ಹೆಚ್ಚಿನವರು ಹೋಗುವುದು ಇಂಥವೇ ಕಾರಣಗಳಿಂದ. ಅಂಕ ಸಾಲದೆ ಬಿ.ಎ. ಪ್ರವೇಶ ತಪ್ಪಿದವರನ್ನು ನಾನು ನಮ್ಮ ಕಾಲೇಜಿನಲ್ಲಿ ಕಂಡಿಲ್ಲ.

ಆದುದರಿಂದ ಹೆಸರಿನ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ನಮ್ಮ ಎಲ್ಲ ಕಾಗದಗಳಿಗೂ ತಾಯಿಬೇರು ಎಸ್.ಎಸ್.ಎಲ್.ಸಿ. ಅಂಕಪಟ್ಟಿ. ಮುಂದೆ ಪದವಿ ಪ್ರಮಾಣಪತ್ರವಾಗಲಿ ನೌಕರಿಯ ಅರ್ಜಿಯಾಗಲಿ ಹೆಸರಿಗೂ ಜನ್ಮದಿನಾಂಕಕ್ಕೂ ಅದನ್ನೇ ನೋಡುತ್ತಾರೆ. ಅದರಲ್ಲಿರುವುದು ಸರಿಯಾಗಿದ್ದರೆ ಉಳಿದವುಗಳನ್ನು ಅದಕ್ಕೆ ಹೊಂದಿಸಬೇಕೇ ಹೊರತು ಅದನ್ನು ಉಳಿದವಕ್ಕೆ ಹೊಂದಿಸಬಾರದು. ಅಂಕಪಟ್ಟಿಯನ್ನು ತಿದ್ದಿಸಬೇಕಾದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರಿಂದ ಹಿಡಿದು ಪರೀಕ್ಷಾ ಮಂಡಲಿಯವರೆಗೆ ಕಾಗದ ನಡೆಯಬೇಕು. ಆಧಾರ್ ತಿದ್ದಿಸುವುದು ಅದಕ್ಕಿಂತ ಬಹಳ ಸುಲಭ. ಆದರೆ ಅದಕ್ಕೂ ಮಿತಿಯಿದೆ: ಆಧಾರಿನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ ಮಾತ್ರ, ಜನ್ಮದಿನಾಂಕವನ್ನು ಒಂದೇ ಸಲ ಬದಲಾಯಿಸಬಹುದು. ಅವಸರದಲ್ಲಿ ಯಾರೋ ಹೇಳಿದಂತೆ ಒಮ್ಮೆ ತಿದ್ದಿಸಿ, ಅದೂ ತಪ್ಪಾಗಿ, ಇನ್ನೊಮ್ಮೆ ತಿದ್ದಿಸಿ ಬಾಗಿಲು ಮುಚ್ಚಿಕೊಂಡವರಿದ್ದಾರೆ. ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು, ಅಕ್ಷರ ಅಕ್ಷರವಾಗಿ, ಹೆಸರಿನ ಮುಂದಿನ ಇನಿಷಿಯಲ್ಲು, ನಡುವಿನ ಖಾಲಿ ಜಾಗ ಸಹಿತ ಹೋಲಿಸಿ ನೋಡಬೇಕು. ಇದಕ್ಕೆ ಸಕಾಲ ಪಿ.ಯು.ಸಿ. ಫಲಿತಾಂಶದ ಮರುದಿನವಲ್ಲ, ದ್ವಿತೀಯ ಪಿ.ಯು.ಸಿ.ಯ ದಸರಾ ರಜೆ.

ಫೋನಿನ ವಿಷಯವೂ ಹಾಗೆಯೆ. ಅರ್ಜಿಗೆ ಕೊಡುವ ನಂಬರು ಮೂರು ವರ್ಷವೂ ಬಾಳಬೇಕು. ಪರೀಕ್ಷೆಯ ಶುಲ್ಕ, ಫಲಿತಾಂಶ, ವಿದ್ಯಾರ್ಥಿವೇತನ ಎಲ್ಲವೂ ಆ ಒಂದು ನಂಬರಿನ ಬಾಲ ಹಿಡಿದು ಬರುತ್ತವೆ. ಅಂಗಡಿಯವನ ನಂಬರು ಕೊಟ್ಟು ಬಂದವರು ಮೂರನೆಯ ತಿಂಗಳಿಗೆ ಅವನನ್ನು ಹುಡುಕಿಕೊಂಡು ಅಲೆದಾಡುತ್ತಾರೆ. ಲಾಗಿನ್ ಪಾಸ್‌ವರ್ಡನ್ನು ಅಂಗಡಿಯವನೇ ಇಟ್ಟುಕೊಂಡು, "ಅದೆಲ್ಲಾ ನನ್ನ ಕಡೆ ಐತಿ, ನೀವೇನೂ ಚಿಂತಿ ಮಾಡಬ್ಯಾಡ್ರಿ" ಎಂದರೆ ಚಿಂತೆ ಮಾಡತಕ್ಕದ್ದೇ. ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು.

ಇನ್ನು ಜಾತಿ ಮತ್ತು ಆದಾಯ ಪ್ರಮಾಣಪತ್ರ. ಇವು ದೊರೆಯುವುದು ಹೋಬಳಿಯ ನಾಡಕಚೇರಿಯ ಅಟಲ್‌ಜೀ ಜನಸ್ನೇಹಿ ಕೇಂದ್ರದ ಮೂಲಕ. ನಾವು ಅರ್ಜಿ ಕೊಟ್ಟ ಮೇಲೆ ಅದು ಗ್ರಾಮ ಆಡಳಿತಾಧಿಕಾರಿಗಳು, ಕಂದಾಯ ನಿರೀಕ್ಷಕರು ಎಂದು ಮೆಟ್ಟಿಲು ಹತ್ತಿ ತಹಶೀಲ್ದಾರರ ಕಚೇರಿಯವರೆಗೆ ಹೋಗಿ ಬರುತ್ತದೆ. ಅದರ ಮೇಲೆ ಆರ್.ಡಿ. ಎಂಬ ಎರಡು ಅಕ್ಷರಗಳಿಂದ ಆರಂಭವಾಗುವ ಉದ್ದನೆಯ ಸಂಖ್ಯೆಯೊಂದಿರುತ್ತದೆ. ಪ್ರವೇಶದ ಅರ್ಜಿ ಕೇಳುವುದು ಆ ಸಂಖ್ಯೆಯನ್ನು; ಕಾಗದ ಎಷ್ಟೇ ಚೆನ್ನಾಗಿ ಮಡಿಚಿಟ್ಟಿದ್ದರೂ ಹಳೆಯ ಕೈಬರಹದ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲ. ಆದಾಯದ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ. ಹೈಸ್ಕೂಲಿಗೆ ಸೇರುವಾಗ ಮಾಡಿಸಿದ್ದು ಸರಿಯಾಗಿ ಪದವಿ ಪ್ರವೇಶದ ಹೊತ್ತಿಗೇ ತೀರುತ್ತದೆಂಬುದು ಲೆಕ್ಕ ಹಾಕಿದರೆ ಯಾರಿಗೂ ತಿಳಿದೀತು. ಲೆಕ್ಕ ಹಾಕುವವರು ಕಡಿಮೆ. ಜೂನಿನಲ್ಲಿ ನಾಡಕಚೇರಿಯ ಮುಂದೆ ನಿಂತರೆ ಇಡೀ ತಾಲೂಕಿನ ಮಕ್ಕಳು ಅಲ್ಲಿಯೇ ಇರುತ್ತಾರೆ. ಮಾರ್ಚಿಯಲ್ಲಿ ಹೋಗಿ ನೋಡಿ, ಬೆಂಚು ಖಾಲಿ.

ನಮ್ಮ ಕಲ್ಯಾಣ ಕರ್ನಾಟಕದವರಿಗೆ ಇನ್ನೊಂದು ಕಾಗದವುಂಟು. ೨೦೧೨ರ ತೊಂಬತ್ತೆಂಟನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ೩೭೧(ಜೆ) ಎಂಬ ವಿಧಿ ಸೇರಿತು. ಅದರಂತೆ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ ೭೦ರಷ್ಟು ಸ್ಥಾನಗಳು ಇಲ್ಲಿಯ ಸ್ಥಳೀಯರಿಗೆ; ರಾಜ್ಯದ ಉಳಿದ ಭಾಗಗಳ ಸಂಸ್ಥೆಗಳಲ್ಲಿ ಶೇಕಡ ೮. ಅರ್ಹತಾ ಪ್ರಮಾಣಪತ್ರವನ್ನು ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು. ನಿಜ ಹೇಳಬೇಕೆಂದರೆ, ಸ್ಥಾನಗಳು ಉಳಿದೇ ಹೋಗುವ ನಮ್ಮಂಥ ಕಾಲೇಜಿನ ಬಿ.ಎ. ತರಗತಿಗೆ ಇದು ಇಲ್ಲದೆಯೂ ಪ್ರವೇಶ ಸಿಕ್ಕೀತು. ಹಾಗೆಂದು ಬಿಟ್ಟವರು ಮುಂದೆ ಬಿ.ಎಡ್.ಗೋ ನೌಕರಿಗೋ ಅರ್ಜಿ ಹಾಕುವ ದಿನ ಪರದಾಡುತ್ತಾರೆ. ಕಾಗದಗಳನ್ನು ಒಟ್ಟುಗೂಡಿಸುವ ಹುಮ್ಮಸ್ಸು ಇರುವಾಗಲೇ ಇದನ್ನೂ ಮಾಡಿಸಿಕೊಳ್ಳುವುದು ಜಾಣತನ.

ವಿಷಯಗಳ ಆಯ್ಕೆಯ ಬಗ್ಗೆ ಬರೆಯುವಾಗ ನನಗೆ ಸ್ವಲ್ಪ ನಾಚಿಕೆಯಾಗುತ್ತದೆ. ನನ್ನ ವಿಷಯಗಳನ್ನು ಮೊದಲು ಆರಿಸಿದವನು ನಾನಲ್ಲ, ನನ್ನ ಗೆಳೆಯ. ಅವನು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಎಂದು ಗುರುತು ಹಾಕಿದ. ಒಂದೇ ಬೆಂಚಿನಲ್ಲಿ ಕೂಡಬಹುದೆಂದು ನಾನೂ ಹಾಕಿದೆ. ದಾಖಲೆ ಪರಿಶೀಲಿಸುತ್ತಿದ್ದ ಅಧ್ಯಾಪಕರು ನನ್ನ ಪಿ.ಯು.ಸಿ. ಅಂಕಪಟ್ಟಿಯನ್ನು ನೋಡಿ, ಕನ್ನಡದ ಅಂಕದ ಮೇಲೆ ಬೆರಳಿಟ್ಟು, "ಮುಂದೆ ಏನಾಗಬೇಕಂತ ಮಾಡಿಯಪ್ಪ?" ಎಂದು ಕೇಳಿದರು. ನನ್ನ ಹದಿನೆಂಟು ವರ್ಷದಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಮಾಸ್ತರನಾಗಬೇಕೆಂದೆ. ಹಾಗಾದರೆ ಬಿ.ಎಡ್. ಪ್ರವೇಶಕ್ಕೂ ಆಮೇಲೆ ಶಿಕ್ಷಕರ ನೇಮಕಾತಿಗೂ ಪದವಿಯಲ್ಲಿ ಯಾವ ವಿಷಯ ಓದಿದ್ದಾನೆಂಬುದನ್ನು ನೋಡುತ್ತಾರೆ, ಕನ್ನಡ ಕಲಿಸುವ ಮನಸ್ಸಿದ್ದರೆ ಐಚ್ಛಿಕ ಕನ್ನಡ ಓದಿರಬೇಕು ಎಂದು ವಿವರಿಸಿದರು. ಎಲ್ಲರೂ ಓದುವ ಭಾಷಾಪತ್ರಿಕೆಯ ಕನ್ನಡ ಬೇರೆ, ಐಚ್ಛಿಕ ಕನ್ನಡ ಬೇರೆ ಎಂಬುದೇ ನನಗೆ ಅಂದು ತಿಳಿದದ್ದು. ಅರ್ಥಶಾಸ್ತ್ರವನ್ನು ಬಿಟ್ಟು ಐಚ್ಛಿಕ ಕನ್ನಡ ತೆಗೆದುಕೊಂಡೆ. ಗೆಳೆಯ ಒಂದು ವಾರ ಮಾತಾಡಿಸಲಿಲ್ಲ.

ನಿಯಮಗಳು ವರ್ಷ ವರ್ಷವೂ ಬದಲಾಗುತ್ತವೆಂಬುದನ್ನೂ ಇಲ್ಲಿ ಹೇಳಬೇಕು. ಅಣ್ಣ ಅರ್ಜಿ ಹಾಕಹೋದ ವರ್ಷವೇ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ಪದವಿ ನಮ್ಮಲ್ಲಿ ಆರಂಭವಾಯಿತು. ಬೇಕಾದವರು ಮೂರನೆಯ ವರ್ಷಕ್ಕೆ ಪದವಿ ಪಡೆದು ಹೊರಬರಬಹುದಾಗಿತ್ತು. ೨೦೨೪ರ ಮೇ ತಿಂಗಳಲ್ಲಿ ರಾಜ್ಯ ಸರಕಾರ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಯನ್ನೇ ತಂದಿತು. ಆ ಹೊಸ ಕ್ರಮದ ಮೊದಲ ತಂಡ ನಮ್ಮದು. ಹಿಂದಿನ ವರ್ಷ ಸೇರಿದವರು ಹೇಳಿದ್ದನ್ನು ನಂಬಿ ವಿಷಯ ಆರಿಸಿದ ಕೆಲವರು ಪೇಚಿಗೆ ಸಿಕ್ಕಿದ್ದೂ ಉಂಟು. ನಾನು ಬರೆದಿರುವುದರಲ್ಲಿಯೂ ನಾಳೆ ಏನಾದರೂ ಬದಲಾಗಬಹುದು. ಸೂಚನಾ ಫಲಕವನ್ನು ಓದಿ, ಅರ್ಥವಾಗದಿದ್ದರೆ ಒಳಗೆ ಹೋಗಿ ಕೇಳಬೇಕು. ಕೇಳಿದರೆ ದಡ್ಡನೆಂದುಕೊಂಡಾರೆಂಬ ಅಂಜಿಕೆ ನಮ್ಮಂಥವರಿಗೆ ಬಹಳ. ಮರದ ಕೆಳಗೆ ಅರ್ಧ ದಿನ ನಿಂತು, ಏನೂ ಕೇಳದೆ ಹಿಂದಿರುಗಿ ಹೋದವರನ್ನು ನಾನು ನೋಡಿದ್ದೇನೆ. ಈಗ ಅಂಥವರನ್ನು ಗುರುತಿಸಿ ನಾನೇ ಎದ್ದುಹೋಗಿ ಮಾತಾಡಿಸುತ್ತೇನೆ.

ದುಡ್ಡಿನ ಮಾತು. ಶುಲ್ಕ ಕಟ್ಟುವ ದಿನ ಅಪ್ಪ, "ಎಷ್ಟ ಬೇಕಾಕೈತಿ?" ಎಂದು ಕೇಳಿ, ನಾನು ಹೇಳಿದ ಮೊತ್ತವನ್ನು ಎರಡು ಸಲ ಕೇಳಿಸಿಕೊಂಡರು. ಹೆಚ್ಚೆಂದಲ್ಲ, ಅವರು ಅಂಜಿದ್ದಕ್ಕಿಂತ ಬಹಳ ಕಡಿಮೆಯಿತ್ತು. ಸರಕಾರಿ ಕಾಲೇಜಿನ ಶುಲ್ಕ ಎಷ್ಟೆಂದು ಕೇಳದೆಯೇ ನಮ್ಮಿಂದಾಗದೆಂದು ತೀರ್ಮಾನಿಸಿದ ಮನೆಗಳು ನಮ್ಮೂರಲ್ಲಿ ಇನ್ನೂ ಇವೆ. ವಿದ್ಯಾರ್ಥಿವೇತನಕ್ಕೆ ಎಸ್.ಎಸ್.ಪಿ. ಎಂಬ ಬೇರೆಯೇ ಜಾಲತಾಣವಿದೆ, ವಿದ್ಯಾರ್ಥಿನಿಲಯಕ್ಕೆ ಮತ್ತೊಂದು. ಕಾಲೇಜಿಗೆ ಸೇರಿದೊಡನೆ ಇವು ತಾವಾಗಿ ಬರುವುದಿಲ್ಲ. ಬೇರೆ ಬೇರೆ ಅರ್ಜಿ ಹಾಕಬೇಕು, ವಿದ್ಯಾರ್ಥಿವೇತನಕ್ಕಂತೂ ಪ್ರತಿವರ್ಷವೂ. ಹಣ ಬಂದು ಬೀಳುವುದು ಆಧಾರಿಗೆ ಜೋಡಿಸಿದ ಬ್ಯಾಂಕ್ ಖಾತೆಗೆ. ನನ್ನ ಸಹಪಾಠಿಯೊಬ್ಬ ಒಂದು ವರ್ಷವೆಲ್ಲ ತನ್ನ ಪಾಸ್‌ಪುಸ್ತಕ ತಿರುವಿ ತಿರುವಿ ನೋಡಿದ. ಹಣ ಎಂದೋ ಬಂದಿತ್ತು, ಅವನು ಮರೆತೇಹೋಗಿದ್ದ ಮತ್ತೊಂದು ಹಳೆಯ ಖಾತೆಗೆ. ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆಯೆಂದು ಬ್ಯಾಂಕಿನಲ್ಲಿ ಕೇಳಿದರೆ ಹೇಳುತ್ತಾರೆ.

ವರ್ಗಾವಣೆ ಪತ್ರ, ಅಂದರೆ ಟಿ.ಸಿ.ಯ ವಿಚಾರ ಒಂದೇ ಮಾತಿನಲ್ಲಿ: ಮೂಲಪ್ರತಿ ಕಾಲೇಜಿಗೆ ಹೋಗುತ್ತದೆ, ಕೊಡುವ ಮೊದಲು ನಾಲ್ಕು ಜೆರಾಕ್ಸ್ ಪ್ರತಿ ತೆಗೆಸಿ ಮನೆಯಲ್ಲಿಡಿ.

೨೦೨೪ರಲ್ಲಿ ನಾನು ಅರ್ಜಿ ಹಾಕುವಾಗ ಅಣ್ಣ ಬೆಂಗಳೂರಿನಿಂದ ರಜೆ ಹಾಕಿ ಬಂದಿದ್ದ. ನನ್ನ ಆಧಾರನ್ನೂ ಅಂಕಪಟ್ಟಿಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ಅಕ್ಷರ ಅಕ್ಷರ ಹೋಲಿಸಿದವನು ಅವನೇ. ಜೆರಾಕ್ಸ್ ಅಂಗಡಿಯಲ್ಲಿ ನನ್ನ ಪಕ್ಕದಲ್ಲಿ ನಿಂತು, ಒಟಿಪಿ ಬಂದಾಗ ಅಂಕಿಗಳನ್ನು ಗಟ್ಟಿಯಾಗಿ ಓದಿ ಹೇಳಿದ. ನಾನು ಹಿಂದೆ ಅಳಿಸಿಹಾಕಿದ ಒಟಿಪಿಯ ಕಥೆಯನ್ನು ಅವನಿಗೆ ಅಂದು ಹೇಳಿದೆ. ಮೂರು ವರ್ಷ ಹೇಳಿರಲಿಲ್ಲ. "ಗೊತ್ತೈತಿ ಬಿಡಲೇ," ಎಂದು ನಕ್ಕು, ಅಂಗಡಿಯವನಿಗೆ ಇಪ್ಪತ್ತು ರೂಪಾಯಿ ಕೊಟ್ಟು ಚಹಾ ಕುಡಿಸಲು ಕರೆದೊಯ್ದ.

ಅವನ ಟಿ.ಸಿ. ಇನ್ನೂ ನಮ್ಮ ಮನೆಯ ಟ್ರಂಕಿನಲ್ಲಿಯೇ ಇದೆ. ಮೈಸೂರಿನಲ್ಲಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ವರ್ಷಕ್ಕೆ ಎರಡು ಸಲ, ಜುಲೈ ಮತ್ತು ಜನವರಿ ಎಂದು ಪ್ರವೇಶ ನಡೆಯುತ್ತದೆ. ಕೆಲಸ ಮಾಡುತ್ತಲೇ ಬಿ.ಎ. ಓದಬಹುದು. ಇದನ್ನು ಗ್ರಂಥಾಲಯದಲ್ಲಿ ಪತ್ರಿಕೆ ಓದುವಾಗ ಕಂಡು ಅವನಿಗೆ ಹೇಳಿದೆ. ಮೊದಲು, "ಈಗೇನು ಹುಚ್ಚೇನಲೇ," ಎಂದ. ಈ ಯುಗಾದಿಗೆ ಊರಿಗೆ ಬಂದವನು ಏನೂ ಹೇಳದೆ ಆಧಾರ್ ಕೇಂದ್ರಕ್ಕೆ ಹೋಗಿ ಹೆಸರಿನ ಕೊನೆಯ ಎ ತೆಗೆಸಿಕೊಂಡು ಬಂದ. ಅವ್ವ ಟ್ರಂಕಿನಿಂದ ಅವನ ಅಂಕಪಟ್ಟಿ ತೆಗೆದು, ಸೆರಗಿನಿಂದ ಒರೆಸಿ ಹೊಸ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಟ್ಟಳು. ಅರ್ಜಿಯನ್ನು ನಾನೇ ತುಂಬಿದೆ. ಒಟಿಪಿ ಈ ಸಲ ಅವನ ಸ್ವಂತ ಫೋನಿಗೆ ಬಂತು.